ನೂರನೇ ಗಂಟೆಯಲ್ಲೂ ದುಡಿಯುವ ಲೋಹ

ಓದುಗರ ಪ್ರಶ್ನೆ, ನನ್ನ ಉತ್ತರ

ಹಿಂದಿನ ಸಂಚಿಕೆಯಲ್ಲಿ ಮರದ ಪುಡಿ, ಒಣಹುಲ್ಲಿನಿಂದ ಇಂಧನ ಮಾಡುವ ಬಗ್ಗೆ ಬರೆದಿದ್ದೆ. ಅದರಲ್ಲಿ ಕ್ರಿಯೆಯ ವೇಗ ಹೆಚ್ಚಿಸುವ ಲೋಹದ ಕ್ಯಾಟಲಿಸ್ಟ್‌ಗಳ ಪಾತ್ರ ಏನು ಎಂದೂ ಸ್ವಲ್ಪ ಹೇಳಿದ್ದೆ. ಅದಕ್ಕೆ ಬಂದ ಪತ್ರಗಳನ್ನು ಓದಿ ತುಂಬಾ ಖುಷಿಯಾಯಿತು. ಇಪ್ಪತ್ತಾರು ವರ್ಷಗಳಿಂದ ನಾನು ಮಾಡುತ್ತಿರುವುದು ಇದೇ ಕೆಲಸ. ಲೋಹದ ಉಪ್ಪನ್ನು ನೀರಿನಲ್ಲಿ ಕರಗಿಸುವುದು, ಬಿಳಿ ಪುಡಿಗೆ ಕುಡಿಸುವುದು, ಕುಲುಮೆಯಲ್ಲಿ ಸುಡುವುದು, ರಿಯಾಕ್ಟರಿಗೆ ತುಂಬುವುದು. ಆಮೇಲೆ ಅದು ಯಾಕೆ ಕೈಕೊಟ್ಟಿತು ಎಂದು ಹುಡುಕುತ್ತಾ ಕೂರುವುದು. ಹೆಚ್ಚಿನ ಪತ್ರಗಳು ಈ ಕೊನೆಯ ಭಾಗದ ಬಗ್ಗೆಯೇ ಇದ್ದವು.

ಪ್ರಶ್ನೆ: ಮೇಡಂ, ನಾನು ಹತ್ತನೇ ತರಗತಿ ವಿದ್ಯಾರ್ಥಿ. ಕ್ರಿಯಾವರ್ಧಕವು (ಕ್ಯಾಟಲಿಸ್ಟ್) ರಾಸಾಯನಿಕ ಕ್ರಿಯೆಯ ವೇಗ ಹೆಚ್ಚಿಸುತ್ತದೆ, ಆದರೆ ತಾನು ಖರ್ಚಾಗುವುದಿಲ್ಲ ಎಂದು ನಮ್ಮ ಪಾಠದಲ್ಲಿದೆ. ನೀವು ‘ಕ್ಯಾಟಲಿಸ್ಟ್ ಹಾಳಾಗುತ್ತದೆ’ ಎಂದು ಬರೆದಿದ್ದೀರಿ. ಯಾವುದು ಸರಿ?

ಉತ್ತರ: ಎರಡೂ ಸರಿ, ಪುಟ್ಟಾ. ನಿನ್ನ ಪಾಠ ಹೇಳುವುದು ಒಂದು ಸುತ್ತಿನ ಮಾತು. ನಾನು ಹೇಳಿದ್ದು ಲಕ್ಷಾಂತರ ಸುತ್ತು ಆದಮೇಲಿನ ಮಾತು.

ನಿಕ್ಕಲ್‌ನ ಒಂದು ಚೂರಿನ ಮೇಲ್ಮೈಯನ್ನು ಮನಸ್ಸಿನಲ್ಲಿ ತಂದುಕೋ. ಹೈಡ್ರೋಜನ್ ಅಣು ಬಂದು ಅದರ ಮೇಲೆ ಕೂರುತ್ತದೆ, ಎರಡು ಪರಮಾಣುಗಳಾಗಿ ಒಡೆಯುತ್ತದೆ. ಪಕ್ಕದಲ್ಲೇ ಮರದಿಂದ ಬಂದ ಇನ್ನೊಂದು ಅಣು ಕೂತಿರುತ್ತದೆ. ಅದರಲ್ಲಿರುವ ಆಮ್ಲಜನಕವನ್ನು ಹೈಡ್ರೋಜನ್ ಕಿತ್ತುಕೊಂಡು ನೀರಾಗಿ ಹೊರಟುಹೋಗುತ್ತದೆ. ಆಮ್ಲಜನಕ ಕಳೆದುಕೊಂಡ ಅಣುವೂ ಎದ್ದು ಹೋಗುತ್ತದೆ. ಜಾಗ ಮತ್ತೆ ಖಾಲಿ, ನಿಕ್ಕಲ್ ಇದ್ದ ಹಾಗೇ ಇದೆ. ನಿಕ್ಕಲ್ ಪುಡಿಗೆ ಹೀಗೆ ಹೈಡ್ರೋಜನ್ ಸೇರಿಸುವ ಶಕ್ತಿ ಇದೆ ಎಂದು ತೋರಿಸಿದ ಫ್ರಾನ್ಸಿನ ಪಾಲ್ ಸಬಾಟಿಯೇ ಅವರಿಗೆ 1912ರಲ್ಲಿ ನೊಬೆಲ್ ಬಂತು. ಅವರ ಹೆಸರಿನಲ್ಲಿ ಒಂದು ನಿಯಮವೂ ಇದೆ. ಲೋಹ ಅಣುವನ್ನು ಹಿಡಿಯಬೇಕು, ಆದರೆ ಜಾಸ್ತಿ ಬಿಗಿಯಾಗಿ ಹಿಡಿಯಬಾರದು. ಸಡಿಲವಾದರೆ ಕೆಲಸ ಆಗುವ ಮೊದಲೇ ಅಣು ಹಾರಿಹೋಗುತ್ತದೆ. ಬಿಗಿಯಾದರೆ ಜಾಗ ಖಾಲಿಯೇ ಆಗುವುದಿಲ್ಲ.

ಹಾಳಾಗುವುದು ಹೇಗೆ ಅಂದರೆ, ಎಷ್ಟೋ ಸುತ್ತಿಗೊಮ್ಮೆ ಒಂದು ಅಣು ಏಳುವುದೇ ಇಲ್ಲ. ಅಲ್ಲೇ ಕಪ್ಪು ಇಂಗಾಲವಾಗಿ ಅಂಟಿಕೊಳ್ಳುತ್ತದೆ. ಇದಕ್ಕೆ ನಾವು ಕೋಕ್ ಎನ್ನುತ್ತೇವೆ. ಇನ್ನೊಂದು ಸಲ ಗಂಧಕದ ಪರಮಾಣು ಬಂದು ಜಾಗ ಹಿಡಿದುಬಿಡುತ್ತದೆ. ಬಿಸಿಗೆ ಲೋಹದ ಸಣ್ಣ ಕಣಗಳು ಸರಿದಾಡಿ ಒಂದಕ್ಕೊಂದು ಸೇರಿ ದಪ್ಪವಾಗುತ್ತವೆ. ಕೆಲವೊಮ್ಮೆ ಲೋಹವೇ ಕರಗಿ ದ್ರವದ ಜೊತೆ ಹೊರಗೆ ಹೋಗುತ್ತದೆ. ಒಂದೊಂದು ಸುತ್ತಿನಲ್ಲಿ ಇದು ಏನೇನೂ ಅಲ್ಲ. ಹಗಲು ರಾತ್ರಿ ನಡೆಯುವ ರಿಯಾಕ್ಟರಿನಲ್ಲಿ ಅದೇ ದೊಡ್ಡದಾಗುತ್ತದೆ. ಪಾಠದ ಸಾಲನ್ನು ಪರೀಕ್ಷೆಯಲ್ಲಿ ಹಾಗೇ ಬರೆ, ತಪ್ಪಲ್ಲ.

ಪ್ರಶ್ನೆ: ನಾನು ಈ ವರ್ಷ ಪಿಎಚ್.ಡಿ.ಗೆ ಸೇರಿದ್ದೇನೆ. ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್ ಪುಡಿ) ಮೇಲೆ 5% ನಿಕ್ಕಲ್ ಕೂರಿಸಲು ಗೈಡ್ ಹೇಳಿದ್ದಾರೆ. ಸಂಶೋಧನಾ ಲೇಖನಗಳಲ್ಲಿ ತಯಾರಿಸುವ ವಿಧಾನಕ್ಕೆ ಮೂರೇ ಸಾಲು ಇರುತ್ತದೆ. ಹಾಗೇ ಮಾಡಿದರೂ ಪ್ರತಿ ಸಲ ಬೇರೆ ಬೇರೆ ಫಲಿತಾಂಶ ಬರುತ್ತಿದೆ. ಎಲ್ಲಿ ತಪ್ಪುತ್ತಿದ್ದೇನೆ ಮೇಡಂ?

ಉತ್ತರ: ಆ ಮೂರು ಸಾಲಿನಲ್ಲಿ ಬರೆದದ್ದಕ್ಕಿಂತ ಬಿಟ್ಟದ್ದೇ ಜಾಸ್ತಿ. ನಾನು ಮಾಡುವ ರೀತಿ ಹೇಳುತ್ತೇನೆ. ನಿಮ್ಮದರ ಪಕ್ಕ ಇಟ್ಟು ನೋಡಿ.

10 ಗ್ರಾಂ ಅಲ್ಯೂಮಿನಾ ಅಂದುಕೊಳ್ಳೋಣ. ತೂಗುವ ಮೊದಲು ಅದನ್ನು 120 ಡಿಗ್ರಿಯಲ್ಲಿ ರಾತ್ರಿಯಿಡೀ ಒಣಗಿಸಿದಿರಾ? ಒಂದು ಗ್ರಾಂ ಅಲ್ಯೂಮಿನಾದ ಒಳರಂಧ್ರಗಳ ಮೇಲ್ಮೈ ಸುಮಾರು 200 ಚದರ ಮೀಟರ್ ಇರುತ್ತದೆ. ಅಷ್ಟು ಮೇಲ್ಮೈ ಗಾಳಿಯ ತೇವವನ್ನು ಹೀರಿಕೊಳ್ಳದೆ ಬಿಡುತ್ತದೆಯೇ? ಒಣಗಿಸದಿದ್ದರೆ ನೀವು ತೂಗಿದ್ದರಲ್ಲಿ ಒಂದಿಷ್ಟು ಬರೀ ನೀರು. ನಿಕ್ಕಲ್ ನೈಟ್ರೇಟ್ ಕೂಡ ಹಾಗೆಯೇ, ಡಬ್ಬಿ ತೆರೆದಿಟ್ಟರೆ ಒದ್ದೆಯಾಗುತ್ತಾ ಹೋಗುತ್ತದೆ. ಮಳೆ ದಿನ ಮಾಡಿದ ಕ್ಯಾಟಲಿಸ್ಟಿಗೂ ಬಿಸಿಲಿನ ದಿನ ಮಾಡಿದ್ದಕ್ಕೂ ವ್ಯತ್ಯಾಸ ಬಂದರೆ ಮೊದಲು ಇಲ್ಲಿ ಹುಡುಕಿ.

5% ನಿಕ್ಕಲ್‌ಗೆ 0.526 ಗ್ರಾಂ ಲೋಹ ಬೇಕು. ಆರು ನೀರಿನ ಅಣು ಇರುವ ನೈಟ್ರೇಟ್ ಉಪ್ಪಿನಲ್ಲಿ ಲೆಕ್ಕ ಹಾಕಿದರೆ 2.6 ಗ್ರಾಂ. ಈಗ ನಿಮ್ಮ ಪುಡಿ ಎಷ್ಟು ದ್ರವ ಹೀರುತ್ತದೆ ಎಂದು ಅಳೆಯಬೇಕು. ಬೇರೆಯಾಗಿ ಒಂದು ಗ್ರಾಂ ತೆಗೆದುಕೊಂಡು ಹನಿ ಹನಿಯಾಗಿ ಬರೀ ನೀರು ಹಾಕುತ್ತಾ ಕಲಸಿ. ಪುಡಿ ಉದುರುದುರಾಗಿರುವುದು ನಿಂತು ಹೊಳೆಯಲು ಶುರುವಾದ ಕ್ಷಣ ನಿಲ್ಲಿಸಿ. 0.5 ಮಿಲಿಲೀಟರ್ ಹಿಡಿಯಿತು ಎಂದಿಟ್ಟುಕೊಳ್ಳಿ. ಹಾಗಾದರೆ 10 ಗ್ರಾಮಿಗೆ 5 ಮಿಲಿಲೀಟರ್ ದ್ರಾವಣ. ಇಲ್ಲೊಂದು ತಪ್ಪನ್ನು ತುಂಬಾ ಜನ ಮಾಡುತ್ತಾರೆ. ಉಪ್ಪಿಗೆ 5 ಮಿಲಿಲೀಟರ್ ನೀರು ಸುರಿಯುತ್ತಾರೆ. ಹಾಗಲ್ಲ, ಉಪ್ಪು ಕರಗಿದ ಮೇಲೆ ಒಟ್ಟು 5 ಮಿಲಿಲೀಟರ್ ಆಗಬೇಕು. ಜಾಸ್ತಿಯಾದ ದ್ರಾವಣ ರಂಧ್ರದೊಳಗೆ ಹೋಗಲು ಜಾಗವಿಲ್ಲದೆ ಹೊರಗೇ ಒಣಗಿ ದಪ್ಪ ದಪ್ಪ ಹರಳಾಗುತ್ತದೆ. ಹಸಿರು ದ್ರಾವಣವನ್ನು ಹನಿ ಹನಿಯಾಗಿ ಹಾಕಿ, ಗಾಜಿನ ಕಡ್ಡಿಯಿಂದ ತಿರುಗಿಸುತ್ತಲೇ ಇರಿ. ಕೊನೆವರೆಗೂ ಪುಡಿ ಪುಡಿಯಾಗಿಯೇ ಇರಬೇಕು, ಕೆಸರಾಗಬಾರದು.

ಒಣಗಿಸುವಾಗ ಅವಸರ ಬೇಡ. ಬೇಗ ಬೇಗ ಕಾಯಿಸಿದರೆ ನೀರು ಕಾಳಿನ ಹೊರಮೈ ಕಡೆಗೆ ಓಡುತ್ತದೆ, ಉಪ್ಪನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತದೆ. ಒಳಗೆ ಖಾಲಿ, ಅಂಚಿನಲ್ಲಿ ದಟ್ಟ. ನಾನು ಒಂದು ರಾತ್ರಿ ಹಾಗೇ ಬಿಟ್ಟು, ಮರುದಿನ ನಿಧಾನವಾಗಿ 110 ಡಿಗ್ರಿಗೆ ಒಯ್ಯುತ್ತೇನೆ.

ನಿಮ್ಮ ತೊಂದರೆ ಹೆಚ್ಚಾಗಿ ಮುಂದಿನ ಹಂತದಲ್ಲಿದೆ ಎಂದು ನನ್ನ ಅನುಮಾನ. ಸುಡುವ ಹಂತ. ಲೇಖನದಲ್ಲಿ ‘450 ಡಿಗ್ರಿ, 4 ಗಂಟೆ’ ಎಂದಷ್ಟೇ ಇರುತ್ತದೆ. ಗಾಳಿ ಹರಿಯುತ್ತಿತ್ತೋ, ನಿಂತಿತ್ತೋ ಎಂದು ಯಾರೂ ಬರೆಯುವುದಿಲ್ಲ. ನೈಟ್ರೇಟ್ ಒಡೆಯುವಾಗ ಕಂದು ಬಣ್ಣದ ವಿಷಗಾಳಿ ಬರುತ್ತದೆ. ಮುಚ್ಚಿದ ಕುಲುಮೆಯಲ್ಲಿ ಆಳವಾದ ಬೋಗುಣಿ ತುಂಬಾ ಪುಡಿ ಇಟ್ಟರೆ ಆ ಅನಿಲವೂ ನೀರಿನ ಆವಿಯೂ ಅಲ್ಲೇ ನಿಂತು ನಿಕ್ಕಲ್ ಆಕ್ಸೈಡಿನ ಕಣಗಳನ್ನು ದಪ್ಪ ಮಾಡುತ್ತವೆ. ಅದೇ ಪುಡಿಯನ್ನು ಕೊಳವೆಯಲ್ಲಿ ತೆಳುವಾಗಿ ಹರಡಿ, ಗಾಳಿ ಹಾಯಿಸುತ್ತಾ, ನಿಮಿಷಕ್ಕೆ 2 ಡಿಗ್ರಿಯಂತೆ ಏರಿಸಿ. ಎರಡನ್ನೂ ಅಕ್ಕಪಕ್ಕ ಇಟ್ಟು ಎಕ್ಸ್‌-ರೇ ತೆಗೆದು ಕಣದ ಗಾತ್ರ ನೋಡಿ. ನನ್ನ ಒಬ್ಬ ವಿದ್ಯಾರ್ಥಿನಿ ಒಂದು ವರ್ಷ ಒದ್ದಾಡಿದ್ದು ಇದರಿಂದಲೇ. ಅವಳು ಬೋಗುಣಿಯಲ್ಲಿ ಒಂದು ದಿನ 3 ಗ್ರಾಂ, ಇನ್ನೊಂದು ದಿನ 20 ಗ್ರಾಂ ಇಡುತ್ತಿದ್ದಳು ಅಷ್ಟೇ.

ಕಣದ ಗಾತ್ರಕ್ಕೆ ಯಾಕಿಷ್ಟು ಒದ್ದಾಟ ಅಂದರೆ, ಕೆಲಸ ಮಾಡುವುದು ಮೇಲ್ಮೈಯಲ್ಲಿರುವ ಪರಮಾಣು ಮಾತ್ರ. ಕಣ 2 ನ್ಯಾನೋಮೀಟರ್ ಇದ್ದರೆ ಹೆಚ್ಚುಕಡಿಮೆ ಅರ್ಧದಷ್ಟು ಪರಮಾಣುಗಳು ಹೊರಗಿರುತ್ತವೆ. 10 ನ್ಯಾನೋಮೀಟರ್ ಆದರೆ ಹತ್ತರಲ್ಲಿ ಒಂದು. ಉಳಿದವು ಸುಮ್ನೆ ಒಳಗೆ ಕೂತಿರುತ್ತವೆ.

ಬಣ್ಣವನ್ನೂ ಗಮನಿಸಿ. ಸುಟ್ಟ ಮೇಲೆ ಪುಡಿ ತಿಳಿನೀಲಿಗೆ ತಿರುಗಿದ್ದರೆ ಕುಲುಮೆ ಜಾಸ್ತಿ ಬಿಸಿಯಾಗಿದೆ ಎಂದು ಅರ್ಥ. ನಿಕ್ಕಲ್ ಅಲ್ಯೂಮಿನಾದೊಳಗೆ ಸೇರಿ ನಿಕ್ಕಲ್ ಅಲ್ಯೂಮಿನೇಟ್ ಆಗಿದೆ. ಅದನ್ನು ಮತ್ತೆ ಲೋಹ ಮಾಡಲು 700 ಡಿಗ್ರಿಗಿಂತ ಜಾಸ್ತಿ ಬೇಕಾಗುತ್ತದೆ. ಅಷ್ಟು ಬಿಸಿಯಲ್ಲಿ ಉಳಿದ ನಿಕ್ಕಲ್ ಕಣಗಳು ಒಂದಾಗಿಬಿಡುತ್ತವೆ. ಲೋಹ ಕರಗುವ ಉಷ್ಣತೆಯನ್ನು ಕೆಲ್ವಿನ್‌ನಲ್ಲಿ ತೆಗೆದುಕೊಂಡು ಅರ್ಧ ಮಾಡಿದರೆ ಪರಮಾಣುಗಳು ಓಡಾಡಲು ಶುರುಮಾಡುವ ಉಷ್ಣತೆಯ ಅಂದಾಜು ಸಿಗುತ್ತದೆ. ನಿಕ್ಕಲ್‌ಗೆ ಅದು ಸುಮಾರು 590 ಡಿಗ್ರಿ ಸೆಲ್ಸಿಯಸ್, ತಾಮ್ರಕ್ಕೆ 405. ತಾಮ್ರದ ಕ್ಯಾಟಲಿಸ್ಟ್ ಬಿಸಿಗೆ ಬೇಗ ಬಸವಳಿಯುವುದಕ್ಕೆ ಕಾರಣ ಇದೇ. ಆದರೆ ನಿಕ್ಕಲ್ ಜೊತೆ ಸ್ವಲ್ಪ ತಾಮ್ರ ಸೇರಿಸಿದರೆ ಒಂದು ಉಪಕಾರವಿದೆ. ತಾಮ್ರ ಮೊದಲು ಲೋಹವಾಗಿ, ಹೈಡ್ರೋಜನ್ನನ್ನು ಒಡೆದು ಪಕ್ಕದ ನಿಕ್ಕಲ್ ಆಕ್ಸೈಡಿಗೆ ದಾಟಿಸುತ್ತದೆ. ನಿಕ್ಕಲ್ ಕಡಿಮೆ ಬಿಸಿಯಲ್ಲೇ ಲೋಹವಾಗುತ್ತದೆ.

ಇನ್ನು ಜಾಗ್ರತೆಯ ಮಾತು. ಹೈಡ್ರೋಜನ್ ಹಾಯಿಸಿ ಲೋಹ ಮಾಡಿದ ನಿಕ್ಕಲ್ ಪುಡಿ ಗಾಳಿ ಸೋಕಿದರೆ ಹೊತ್ತಿಕೊಳ್ಳಬಹುದು. ನಾನು ಎರಡನೇ ವರ್ಷದಲ್ಲಿದ್ದಾಗ ತಣ್ಣಗಾಗಿದೆಯಲ್ಲ ಎಂದು ಕೊಳವೆಯಿಂದ ನೇರ ಸೋಸುಕಾಗದದ ಮೇಲೆ ಸುರಿದೆ. ಕಪ್ಪು ಪುಡಿಯಲ್ಲಿ ಕೆಂಪು ಕಿಡಿಗಳು ಓಡಾಡಿದವು, ಕಾಗದ ಸುಟ್ಟಿತು, ಮೇಜಿನ ಮೇಲೆ ಗುರುತು ಉಳಿಯಿತು. ಪಕ್ಕದಲ್ಲಿ ಅಸಿಟೋನ್ ಬಾಟಲಿ ಇತ್ತು. ಅದನ್ನು ನೆನೆದರೆ ಇಂದಿಗೂ ಎದೆ ಝಲ್ ಎನ್ನುತ್ತದೆ. ಹೊರಗೆ ತೆಗೆಯುವ ಮೊದಲು ನೈಟ್ರೋಜನ್ ಜೊತೆ 1% ಆಮ್ಲಜನಕ ಬೆರೆಸಿ ಗಂಟೆಗಟ್ಟಲೆ ಹಾಯಿಸಿ, ಮೇಲೊಂದು ತೆಳು ಆಕ್ಸೈಡ್ ಪದರ ಬರಲಿ. ಇನ್ನೊಂದು ವಿಷಯ, ಇದನ್ನು ದಯವಿಟ್ಟು ಮರೆಯಬೇಡಿ. ತಣ್ಣಗಿನ ನಿಕ್ಕಲ್ ಪುಡಿಯ ಮೇಲೆ ಕಾರ್ಬನ್ ಮಾನಾಕ್ಸೈಡ್ ಹಾಯಿಸಬಾರದು. ನಿಕ್ಕಲ್ ಕಾರ್ಬೊನಿಲ್ ಎಂಬ ಆವಿ ಹುಟ್ಟುತ್ತದೆ. ಭಯಂಕರ ವಿಷ ಅದು. ನಿಕ್ಕಲ್ ಉಪ್ಪಿನ ದೂಳು ಕೂಡ ಕ್ಯಾನ್ಸರ್ ತರುವಂಥದ್ದು. ಕೈಗವಸು, ಮಾಸ್ಕ್ ಹಾಕಿಕೊಳ್ಳದೆ ಡಬ್ಬಿ ತೆರೆಯಬೇಡಿ.

ಪ್ರಶ್ನೆ: ನಾನು ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ಮರದ ಬಯೋ ಆಯಿಲ್ ಅನ್ನು ನಿಕ್ಕಲ್ ಕ್ಯಾಟಲಿಸ್ಟ್ ಬಳಸಿ ಡೀಸೆಲ್‌ನಂಥ ಎಣ್ಣೆ ಮಾಡುವ ಪ್ರಯೋಗ ನಡೆಸುತ್ತಿದ್ದೇವೆ. ಪ್ರಯೋಗಾಲಯದಲ್ಲಿ ಗ್ವಾಯಕಾಲ್ ಹಾಕಿ ನೋಡಿದಾಗ 99% ಪರಿವರ್ತನೆ ಸಿಕ್ಕಿತ್ತು (ಹಾಕಿದ್ದರಲ್ಲಿ 99% ಬೇರೆ ವಸ್ತುವಾಗಿತ್ತು). ನಿಜವಾದ ಬಯೋ ಆಯಿಲ್ ಹಾಕಿದಾಗ ಎರಡೇ ದಿನಕ್ಕೆ ರಿಯಾಕ್ಟರ್ ಕಟ್ಟಿಕೊಂಡಿತು. ಕ್ಯಾಟಲಿಸ್ಟ್ ಕಳಪೆಯೇ?

ಉತ್ತರ: ನಿಮ್ಮ ಪತ್ರ ಓದುವಾಗ ನನ್ನದೇ ಹಳೆಯ ನೋಟ್‌ಬುಕ್ ಓದಿದ ಹಾಗಾಯಿತು.

ಕೆಲಸಕ್ಕೆ ಸೇರಿದ ಮೂರನೇ ವರ್ಷ ನಾನೂ ಗ್ವಾಯಕಾಲ್ ಹಾಕಿಯೇ ಪರೀಕ್ಷೆ ಮಾಡಿದೆ. ಬೇರೆ ಓದುಗರಿಗಾಗಿ ಹೇಳುತ್ತೇನೆ: ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಒಡೆದಾಗ ಸಿಗುವ ಒಂದು ಸರಳ ಅಣು ಗ್ವಾಯಕಾಲ್. ಮಾದರಿಯಾಗಿ ಎಲ್ಲರೂ ಅದನ್ನೇ ಬಳಸುತ್ತಾರೆ. ನೀರಿನಷ್ಟು ತಿಳಿಯಾದ ಎಣ್ಣೆ ಬಂತು. ಕುಣಿದಾಡುವಷ್ಟು ಸಂತೋಷ. ಆಮೇಲೆ ಬಯೋ ಆಯಿಲ್ ಹಾಕಿದೆ. ಏಳನೇ ಗಂಟೆಗೆ ಒತ್ತಡದ ಮುಳ್ಳು ಏರತೊಡಗಿತು. ಪಂಪ್ ನಿಲ್ಲಿಸಿ, ತಣಿಸಿ, ಬಿಚ್ಚಿ ನೋಡಿದರೆ ಕೊಳವೆಯ ಬಾಯಿಯಲ್ಲಿ ಕಲ್ಲಿನಂಥ ಕರಿ ಗಟ್ಟಿ. ಡ್ರಿಲ್ ಹಾಕಿ ಕೊರೆದು ತೆಗೆಯಲು ಎರಡು ದಿನ ಹಿಡಿಯಿತು.

ಬಯೋ ಆಯಿಲ್ ಎಂಥದ್ದು ಅಂತ ನಿಮಗೆ ಗೊತ್ತು. ಮರದ ಪುಡಿಯನ್ನು ಗಾಳಿಯಿಲ್ಲದೆ ಸುಮಾರು 500 ಡಿಗ್ರಿಗೆ ಥಟ್ಟನೆ ಕಾಯಿಸಿ, ಆವಿಯನ್ನು ಎರಡು ಸೆಕೆಂಡಿನೊಳಗೆ ತಣಿಸಿದರೆ ಸಿಗುವ ಕಂದು ದ್ರವ. ಹೆಸರಿಗೆ ಎಣ್ಣೆ. ಅದರಲ್ಲಿ 15ರಿಂದ 30% ನೀರು, 35ರಿಂದ 40% ಆಮ್ಲಜನಕ. ಪಿಎಚ್ 2ರಿಂದ 3, ಅಷ್ಟು ಹುಳಿ. ಕಿಲೋಗೆ 16ರಿಂದ 19 ಮೆಗಾಜೂಲ್ ಶಾಖ ಕೊಡುತ್ತದೆ, ಡೀಸೆಲ್‌ನ ಅರ್ಧವೂ ಇಲ್ಲ. ಅದರಲ್ಲಿ ನೂರಾರು ಬಗೆಯ ಅಣುಗಳಿವೆ. ಆಲ್ಡಿಹೈಡ್‌ಗಳು, ಸಕ್ಕರೆಯಂಥ ಅಣುಗಳು, ಫಿನಾಲ್‌ಗಳು ಬಿಸಿ ತಾಗಿದರೆ ಒಂದಕ್ಕೊಂದು ಕೈಹಿಡಿದು ಟಾರ್ ಆಗುತ್ತವೆ. ಕ್ಯಾಟಲಿಸ್ಟ್ ಹತ್ತಿರ ಬರುವ ಮೊದಲೇ, ಬಿಸಿ ಕೊಳವೆಯಲ್ಲೇ ಇದು ಶುರುವಾಗುತ್ತದೆ. ಗ್ವಾಯಕಾಲ್‌ಗೆ ಈ ಚಾಳಿ ಇಲ್ಲ.

ಹಾಗಾಗಿ ಒಂದೇ ಬಾರಿಗೆ 350 ಡಿಗ್ರಿಗೆ ನುಗ್ಗಿಸಬೇಡಿ. ಎರಡು ಹಂತ ಮಾಡಿ. ಮೊದಲು 150ರಿಂದ 250 ಡಿಗ್ರಿಯಲ್ಲಿ, ಹೈಡ್ರೋಜನ್ ಒತ್ತಡದಲ್ಲಿ ಆ ಚಂಚಲ ಅಣುಗಳನ್ನು ಶಾಂತ ಮಾಡಿ, ಆಲ್ಡಿಹೈಡ್‌ಗಳು ಆಲ್ಕೋಹಾಲ್‌ಗಳಾಗಲಿ. ಇಲ್ಲಿಗೆ ಇಂಗಾಲದ ಮೇಲೆ ಕೂರಿಸಿದ ರುಥೇನಿಯಂ ಚೆನ್ನಾಗಿ ನಡೆಯುತ್ತದೆ. ಅದಾದ ಮೇಲೆ 350ರಿಂದ 400 ಡಿಗ್ರಿಯಲ್ಲಿ, ಗಾಳಿಯ ಒತ್ತಡದ ನೂರು ಪಟ್ಟು ಅಂದರೆ ನೂರು ಬಾರ್‌ಗಿಂತ ಹೆಚ್ಚಿನ ಒತ್ತಡದಲ್ಲಿ ಉಳಿದ ಆಮ್ಲಜನಕ ತೆಗೆಯಿರಿ. ಈ ಎರಡನೇ ಹಂತಕ್ಕೆ ಪೆಟ್ರೋಲಿಯಂ ಶುದ್ಧೀಕರಣದಲ್ಲಿ ಬಳಸುವ ಕೋಬಾಲ್ಟ್-ಮಾಲಿಬ್ಡಿನಂ ಅಥವಾ ನಿಕ್ಕಲ್-ಮಾಲಿಬ್ಡಿನಂ ಸಲ್ಫೈಡ್ ಹಾಕುತ್ತಾರೆ. ಇವುಗಳಿಗೆ ಗಂಧಕ ಇದ್ದರೇ ಜೀವ. ಪೆಟ್ರೋಲಿಯಂನಲ್ಲಿ ಅದು ತಾನಾಗಿ ಇರುತ್ತದೆ, ಮರದಲ್ಲಿ ಬಹಳ ಕಡಿಮೆ. ಹೊರಗಿನಿಂದ ಸ್ವಲ್ಪ ಗಂಧಕ ಕೊಡುತ್ತಲೇ ಇರಬೇಕು, ಇಲ್ಲದಿದ್ದರೆ ಸಲ್ಫೈಡ್ ನಿಧಾನವಾಗಿ ಆಕ್ಸೈಡ್ ಆಗುತ್ತದೆ.

ಎರಡನೆಯದು ನಿಮ್ಮ ನಿಕ್ಕಲ್. ಹೊರಬಂದ ನೀರಿನ ಭಾಗದ ಬಣ್ಣ ನೋಡಿದಿರಾ? ನನ್ನದು ತಿಳಿಹಸಿರಾಗಿತ್ತು. ಒಂದು ವಾರ ನಾನದನ್ನು ಗಮನಿಸಲೇ ಇಲ್ಲ. ಕೊನೆಗೆ ಸ್ವಲ್ಪ ಅಮೋನಿಯ ಸೇರಿಸಿ, ಡೈಮೀಥೈಲ್ ಗ್ಲೈಆಕ್ಸೀಮ್ ಹನಿ ಹಾಕಿದೆ. ಕಣ್ಣು ಕುಕ್ಕುವ ಗುಲಾಬಿ ಕೆಂಪು. ಕಾಲೇಜಿನಲ್ಲಿ ಎಲ್ಲರೂ ಮಾಡಿರುತ್ತೇವಲ್ಲ, ಅದೇ ನಿಕ್ಕಲ್ ಪರೀಕ್ಷೆ. ಬಿಸಿ ಅಸಿಟಿಕ್ ಆಮ್ಲ ನನ್ನ ಲೋಹವನ್ನು ಕರಗಿಸಿ ಹೊರಗೆ ಒಯ್ಯುತ್ತಿತ್ತು. ನಾನು ವಾರಗಟ್ಟಲೆ ಜೋಪಾನವಾಗಿ ಕೂರಿಸಿದ ಪರಮಾಣುಗಳು ಬಾಟಲಿಯ ತಳದಲ್ಲಿದ್ದವು.

ಮೂರನೆಯದು ಅಲ್ಯೂಮಿನಾ. ಒಣ ಅನಿಲದಲ್ಲಿ ಅದು ಬಹಳ ಒಳ್ಳೆಯ ಆಧಾರ. 200 ಡಿಗ್ರಿಗೂ ಮೀರಿದ ಬಿಸಿನೀರಿನಲ್ಲಿ ಗಾಮಾ ಅಲ್ಯೂಮಿನಾ ನೀರು ಹಿಡಿದು ಬೋಮೈಟ್ ಎಂಬ ಬೇರೆ ಖನಿಜ ಆಗುತ್ತದೆ. ಮೇಲ್ಮೈ ಕುಸಿಯುತ್ತದೆ, ಲೋಹ ಅದರಡಿ ಹೂತುಹೋಗುತ್ತದೆ. ನೀರಿರುವ ಕಡೆ ನಾನು ಜಿರ್ಕೋನಿಯಾ, ಟೈಟಾನಿಯಾ ಅಥವಾ ಇಂಗಾಲದ ಕಡೆ ಹೋಗುತ್ತೇನೆ. ಆದರೆ ಇಂಗಾಲದ್ದೂ ಒಂದು ತೊಡಕಿದೆ. ಕೋಕ್ ಕಟ್ಟಿದ ಜಿರ್ಕೋನಿಯಾವನ್ನು ಗಾಳಿಯಲ್ಲಿ ಸುಟ್ಟು ಮತ್ತೆ ಬಳಸಬಹುದು. ಇಂಗಾಲದ ಆಧಾರವಾದರೆ ಕೋಕ್ ಜೊತೆ ಅದೂ ಸುಟ್ಟುಹೋಗುತ್ತದೆ. ಯಾವುದು ಬೇಕು ಎಂದು ಮೊದಲೇ ಯೋಚಿಸಿ ಆರಿಸಿ.

ಈಗ ನಿಮ್ಮ 99% ಬಗ್ಗೆ. ನಿಮ್ಮ ಪತ್ರ ನೋಡಿ ಮೊದಲು ಹೇಳಬೇಕು ಅನಿಸಿದ್ದು ಇದನ್ನೇ. ಆ ಅಂಕಿಯನ್ನು ನಂಬಬೇಡಿ. ಕೆಲಸಕ್ಕೆ ಬೇಕಾದದ್ದಕ್ಕಿಂತ ಮೂರು ಪಟ್ಟು ಕ್ಯಾಟಲಿಸ್ಟ್ ತುಂಬಿದ್ದೀರಿ ಎಂದುಕೊಳ್ಳಿ. ಮೇಲಿನ ಮೂರನೇ ಒಂದು ಭಾಗ ಸತ್ತರೂ ಕೆಳಗಿನದು ಕೆಲಸ ಮುಗಿಸುತ್ತದೆ. ಆಗಲೂ 99. ಇನ್ನೊಂದು ಭಾಗ ಸತ್ತರೂ 99. ಆಮೇಲೆ ಒಂದು ದಿನ ಅಂಕಿ ಧೊಪ್ಪನೆ ಬೀಳುತ್ತದೆ. ಸಾವು ಮೊದಲ ದಿನದಿಂದ ನಡೆಯುತ್ತಲೇ ಇತ್ತು, ನಮಗೆ ಕಾಣಲಿಲ್ಲ. ಕ್ಯಾಟಲಿಸ್ಟಿನ ಬಾಳಿಕೆ ತಿಳಿಯಬೇಕಾದರೆ ಬೇಕೆಂದೇ ಕಡಿಮೆ ತುಂಬಿ, ಪರಿವರ್ತನೆ 30ರಿಂದ 40%ನಲ್ಲಿ ನಿಲ್ಲುವಂತೆ ಮಾಡಿ. ಆಗ ಪ್ರತಿ ಗಂಟೆಯ ಇಳಿಕೆಯೂ ಕಾಣುತ್ತದೆ. ನನ್ನ ಹತ್ತಿರ ಕೆಲಸ ಮಾಡುವ ಹುಡುಗ ಹುಡುಗಿಯರಿಗೆ ನೂರು ಗಂಟೆಯ ಗೆರೆ ತೋರಿಸದೆ ‘ಒಳ್ಳೆಯ ಕ್ಯಾಟಲಿಸ್ಟ್’ ಎಂಬ ಮಾತು ಬರೆಯಲು ನಾನು ಬಿಡುವುದಿಲ್ಲ. ಹತ್ತು ಗಂಟೆ 99 ತೋರಿಸಿ ಸಾಯುವುದಕ್ಕಿಂತ ಸಾವಿರ ಗಂಟೆ 40 ತೋರಿಸುವ ಲೋಹ ನನಗೆ ಬೇಕು. 40 ಕೊಡುವುದನ್ನು ಜಾಸ್ತಿ ತುಂಬಿ 99 ಮಾಡಬಹುದು. ಸತ್ತದ್ದನ್ನು ಎಷ್ಟು ತುಂಬಿ ಏನು ಮಾಡುವುದು?

ಎರಡು ಚಿಕ್ಕ ಪರೀಕ್ಷೆ ಮಾಡಿ. ಕ್ಯಾಟಲಿಸ್ಟ್ ಇಲ್ಲದೆ ಖಾಲಿ ರಿಯಾಕ್ಟರ್ ಓಡಿಸಿ. ಸ್ಟೇನ್‌ಲೆಸ್ ಸ್ಟೀಲ್‌ನಲ್ಲೂ ನಿಕ್ಕಲ್ ಇದೆ, ಗೋಡೆಯೇ ಎಷ್ಟೋ ಕೆಲಸ ಮಾಡುತ್ತಿರಬಹುದು. ಇನ್ನೊಂದು, ಪ್ರಯೋಗಾಲಯದಲ್ಲಿ ಅರ್ಧ ದಾರಿಯಲ್ಲಿ ಬಿಸಿ ಇರುವಾಗಲೇ ಕ್ಯಾಟಲಿಸ್ಟನ್ನು ಸೋಸಿ ತೆಗೆದು ದ್ರವವನ್ನು ಮುಂದುವರಿಸಿ. ಆಮೇಲೂ ಕ್ರಿಯೆ ನಡೆದರೆ ಕೆಲಸ ಮಾಡುತ್ತಿರುವುದು ಕರಗಿದ ಲೋಹ.

ಕಚ್ಚಾವಸ್ತು ಬದಲಿಸಿದ್ದೀರಾ ಎಂದು ನೀವು ಬರೆದಿಲ್ಲ. ಕಟ್ಟಿಗೆಯಲ್ಲಿ ಬೂದಿ ಸಾಮಾನ್ಯವಾಗಿ 1%ಗಿಂತ ಕಡಿಮೆ. ಭತ್ತದ ಹುಲ್ಲಿನಲ್ಲಿ 15% ದಾಟುವುದುಂಟು. ಆ ಬೂದಿಯ ಪೊಟ್ಯಾಸಿಯಂ ಕ್ಯಾಟಲಿಸ್ಟಿನ ಆಮ್ಲೀಯ ಜಾಗಗಳನ್ನು ಮುಚ್ಚಿಹಾಕುತ್ತದೆ. ಹುಲ್ಲನ್ನು ಬರೀ ನೀರಿನಲ್ಲಿ ತೊಳೆದರೂ ಪೊಟ್ಯಾಸಿಯಂ ಸಾಕಷ್ಟು ಇಳಿಯುತ್ತದೆ. ಬಯೋ ಆಯಿಲ್ ಆವಿಯನ್ನು ತಣಿಸುವ ಮೊದಲು ಬಿಸಿಯಲ್ಲೇ ಸೋಸಿ ಬೂದಿ ತೆಗೆಯುವುದು ಇನ್ನೂ ಒಳ್ಳೆಯದು.

ನಿಮ್ಮ ಪ್ರಶ್ನೆಗೆ ಉತ್ತರ: ಕ್ಯಾಟಲಿಸ್ಟ್ ಕಳಪೆ ಇರಲಾರದು. ಅದನ್ನು ಪರೀಕ್ಷಿಸಿದ ರೀತಿ ಸಾಲದಾಯಿತು.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಈ ಎಣ್ಣೆಗೆ ಅಷ್ಟೊಂದು ಹೈಡ್ರೋಜನ್ ಬೇಕು ಎನ್ನುತ್ತೀರಿ. ಹೈಡ್ರೋಜನ್ ಬರುವುದು ನೈಸರ್ಗಿಕ ಅನಿಲದಿಂದ ಅಲ್ವಾ? ಹಾಗಾದರೆ ಇದನ್ನು ನವೀಕರಿಸಬಹುದಾದ ಇಂಧನ ಎನ್ನುವುದು ನ್ಯಾಯವೇ?

ಉತ್ತರ: ನ್ಯಾಯವಾದ ಪ್ರಶ್ನೆ, ಅಮ್ಮಾ. ನೈಸರ್ಗಿಕ ಅನಿಲದಿಂದ ಒಂದು ಕಿಲೋ ಹೈಡ್ರೋಜನ್ ಮಾಡಿದರೆ ಸುಮಾರು 9ರಿಂದ 10 ಕಿಲೋ ಕಾರ್ಬನ್ ಡೈಆಕ್ಸೈಡ್ ಹೊರಬೀಳುತ್ತದೆ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಇಂಧನಕ್ಕೆ ಹಸಿರು ಹೆಸರಿಡುವುದು ನನಗೂ ಒಪ್ಪಿಗೆಯಿಲ್ಲ.

ಇಲ್ಲಿ ಲೋಹದ ಆಯ್ಕೆಯೇ ಸ್ವಲ್ಪ ಸಹಾಯ ಮಾಡುತ್ತದೆ. ಸ್ಟಿಯರಿಕ್ ಆಮ್ಲ ಎಂಬ ಕೊಬ್ಬಿನ ಆಮ್ಲವನ್ನು ತೆಗೆದುಕೊಳ್ಳಿ. ಅದರಲ್ಲಿ 18 ಇಂಗಾಲ, 2 ಆಮ್ಲಜನಕ. ಆಮ್ಲಜನಕವನ್ನು ನೀರಾಗಿ ತೆಗೆದರೆ ಮೂರು ಹೈಡ್ರೋಜನ್ ಅಣು ಬೇಕು. 18 ಇಂಗಾಲವೂ ಉಳಿಯುತ್ತವೆ. ಇಂಗಾಲದ ಮೇಲೆ ಕೂರಿಸಿದ ಪಲ್ಲಾಡಿಯಂ ಬಳಸಿ ಸುಮಾರು 300 ಡಿಗ್ರಿಯಲ್ಲಿ ಆ ಆಮ್ಲಜನಕವನ್ನೇ ಕಾರ್ಬನ್ ಡೈಆಕ್ಸೈಡ್ ಆಗಿ ತೆಗೆಯಬಹುದು. ಲೆಕ್ಕದ ಪ್ರಕಾರ ಹೈಡ್ರೋಜನ್ ಬೇಡವೇ ಬೇಡ, ಆದರೆ ಒಂದು ಇಂಗಾಲ ಕಳೆದು 17 ಉಳಿಯುತ್ತದೆ. ಹೈಡ್ರೋಜನ್ ಉಳಿಸಬೇಕೋ ಇಂಗಾಲ ಉಳಿಸಬೇಕೋ ಎಂಬುದು ಹೈಡ್ರೋಜನ್ ಎಲ್ಲಿಂದ ಬಂತು ಎನ್ನುವುದರ ಮೇಲೆ ನಿಂತಿದೆ.

ಸಸ್ಯದಿಂದಲೇ ಹೈಡ್ರೋಜನ್ ಪಡೆಯುವ ದಾರಿಯೂ ಇದೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಡುಮೆಸಿಕ್ ಮತ್ತು ಜೊತೆಗಾರರು 2002ರಲ್ಲಿ ಸಕ್ಕರೆಯ ದ್ರಾವಣವನ್ನು ಪ್ಲಾಟಿನಂ ಮೇಲೆ ಹಾಯಿಸಿ, 300 ಡಿಗ್ರಿಗಿಂತ ಕಡಿಮೆಯಲ್ಲೇ ಹೈಡ್ರೋಜನ್ ಪಡೆದು ತೋರಿಸಿದರು. ಅಗ್ಗದ ನಿಕ್ಕಲ್‌ನಲ್ಲಿ ಯಾಕೆ ಆಗುವುದಿಲ್ಲ ಎಂದು ಕೇಳಬಹುದು. ನಿಕ್ಕಲ್ ಹುಟ್ಟಿದ ಹೈಡ್ರೋಜನ್ನನ್ನು ಮತ್ತೆ ಇಂಗಾಲಕ್ಕೆ ಸೇರಿಸಿ ಮೀಥೇನ್ ಮಾಡಿಬಿಡುತ್ತದೆ. ಅದೇ ಗುಂಪು 2003ರಲ್ಲಿ ನಿಕ್ಕಲ್‌ಗೆ ತವರ ಸೇರಿಸಿ ಆ ಚಾಳಿಯನ್ನು ತುಂಬಾ ಮಟ್ಟಿಗೆ ಬಿಡಿಸಿತು. ಇಷ್ಟು ಸಣ್ಣ ಬದಲಾವಣೆಗೆ ಲೋಹ ತನ್ನ ಗುಣವನ್ನೇ ಬದಲಿಸುವುದು ನೋಡಿದರೆ ನನಗೆ ಇಂದಿಗೂ ಬೆರಗು.

ಪ್ರಶ್ನೆ: ಇದೆಲ್ಲ ಪ್ರಯೋಗಾಲಯದ ಮಾತೋ, ನಿಜವಾಗಿ ಎಲ್ಲಾದರೂ ನಡೆಯುತ್ತಿದೆಯೋ?

ಉತ್ತರ: ಎಣ್ಣೆ, ಕೊಬ್ಬಿನಿಂದ ಮಾಡುವ ದಾರಿ ಚೆನ್ನಾಗಿ ನಡೆಯುತ್ತಿದೆ. ಫಿನ್ಲೆಂಡಿನ ಪೋರ್ವೂದಲ್ಲಿ ನೆಸ್ಟೆ ಕಂಪನಿ 2007ರಲ್ಲೇ ಇಂಥ ಡೀಸೆಲ್ ಘಟಕ ಶುರುಮಾಡಿತು. 2023ರ ನವೆಂಬರಿನಲ್ಲಿ ಲಂಡನ್ನಿನಿಂದ ನ್ಯೂಯಾರ್ಕಿಗೆ ಒಂದು ವಿಮಾನ ಪೂರ್ತಿ ಇಂಥ ಪರ್ಯಾಯ ಇಂಧನದಲ್ಲೇ ಹಾರಿತು. ಮಾಮೂಲಿ ಹಾರಾಟದಲ್ಲಿ ಅರ್ಧದವರೆಗೆ ಬೆರೆಸಲು ಅನುಮತಿಯಿದೆ. ಆದರೆ ಕೊಬ್ಬು ಸ್ವಚ್ಛ ಕಚ್ಚಾವಸ್ತು, ಅದು ಸಿಗುವುದೂ ಕಡಿಮೆ. ಮರ, ಹುಲ್ಲು ರಾಶಿ ರಾಶಿ ಇದೆ, ಅವುಗಳ ದಾರಿಯೇ ಕಷ್ಟದ್ದು. ಮೇಲಿನ ಎಂಜಿನಿಯರ್ ಪತ್ರಕ್ಕೆ ಬರೆದ ಉತ್ತರದಲ್ಲಿ ಕಾರಣ ಇದೆ.

ಪ್ರಶ್ನೆ: ಒಂಟಿ ಪರಮಾಣು ಕ್ಯಾಟಲಿಸ್ಟ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನಾನು ಸಂಶೋಧನೆಗೆ ಅದನ್ನೇ ಆರಿಸಿಕೊಳ್ಳಲೇ?

ಉತ್ತರ: ಕುತೂಹಲವಿದ್ದರೆ ಖಂಡಿತ ಆರಿಸಿಕೊಳ್ಳಿ. 2011ರಲ್ಲಿ ಚೀನಾದ ಡಾಲಿಯನ್ ಸಂಸ್ಥೆಯ ಜಾಂಗ್ ತಾವ್ ಮತ್ತು ಜೊತೆಗಾರರು ಕಬ್ಬಿಣದ ಆಕ್ಸೈಡ್ ಮೇಲೆ ಪ್ಲಾಟಿನಂ ಪರಮಾಣುಗಳನ್ನು ಒಂದೊಂದಾಗಿ ಕೂರಿಸಿ ತೋರಿಸಿದ ಮೇಲೆ ಈ ಕ್ಷೇತ್ರ ಬೆಳೆಯಿತು. ಬೆಲೆಬಾಳುವ ಲೋಹದ ಒಂದು ಪರಮಾಣುವೂ ಒಳಗೆ ಸುಮ್ನೆ ಕೂರುವುದಿಲ್ಲ. ಆದರೆ ಬಯೋಮಾಸ್ (ಮರ, ಹುಲ್ಲಿನಂಥ ಸಸ್ಯವಸ್ತು) ಕೆಲಸಕ್ಕೆ ತರುವಾಗ ಬಿಸಿನೀರು, ಆಮ್ಲ, ಹೈಡ್ರೋಜನ್ ಮೂರೂ ಒಟ್ಟಿಗೆ ಇರುತ್ತವೆ. ಒಂಟಿ ಪರಮಾಣು ಅಲ್ಲಿ ಸರಿದಾಡಿ ಗುಂಪುಗೂಡುತ್ತದೆ, ಇಲ್ಲವೇ ಕರಗಿಹೋಗುತ್ತದೆ. ನೀವು ಆ ಪರಮಾಣು ಕದಲದಂತೆ ಹಿಡಿಯುವ ಆಧಾರದ ಮೇಲೆ ಕೆಲಸ ಮಾಡಿದರೆ ನನಗೆ ಹೆಚ್ಚು ಸಂತೋಷ. ಲೋಹದ ಕಣದ ಮೇಲೆ ಪರಮಾಣುವಿನಷ್ಟು ತೆಳುವಾಗಿ ಪದರದ ಮೇಲೆ ಪದರ ಅಲ್ಯೂಮಿನಾ ಹೊದಿಸುವ ವಿಧಾನವನ್ನೂ ಓದಿ. ಮೂಲದಲ್ಲಿ ಅದನ್ನು 1970ರ ದಶಕದಲ್ಲಿ ಫಿನ್ಲೆಂಡಿನ ಟುವೊಮೊ ಸುಂಟೊಲಾ ತೆಳು ಪರದೆಗಳಿಗಾಗಿ ಬೆಳೆಸಿದ್ದು. ತಾಮ್ರದ ಕಣಗಳು ದ್ರವದಲ್ಲಿ ಕರಗದಂತೆ, ಒಂದಾಗದಂತೆ ಕಾಪಾಡಲು ಈಗ ಅದನ್ನು ಬಳಸಿದ್ದಾರೆ. ಹೊದಿಕೆ ದಪ್ಪವಾದರೆ ಅಣುಗಳಿಗೆ ದಾರಿ ಸಿಗುವುದಿಲ್ಲ. ಹೊದಿಸಿದ ಮೇಲೆ ಹದವಾಗಿ ಕಾಯಿಸಿ ಅದರಲ್ಲಿ ಸಣ್ಣ ಕಿಂಡಿಗಳು ಬರುವಂತೆ ಮಾಡಬೇಕು.

ಪ್ರಶ್ನೆ: ನಿಮ್ಮ ಲೇಖನ ಓದಿ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಪ್ರಯೋಗ ಮಾಡಬೇಕು ಅನಿಸಿದೆ. ಎಲ್ಲಿಂದ ಶುರುಮಾಡಲಿ?

ಉತ್ತರ: ಹೈಡ್ರೋಜನ್ನಿನಿಂದ ಮಾತ್ರ ಬೇಡ. ನೂರು ಬಾರ್ ಒತ್ತಡದ ಹೈಡ್ರೋಜನ್, ಹೊತ್ತಿಕೊಳ್ಳುವ ಲೋಹದ ಪುಡಿ, ವಿಷದ ಅನಿಲ ಇವು ಶೆಡ್ಡಿಗೆ ತರುವ ವಸ್ತುಗಳಲ್ಲ. ನಿಮ್ಮ ಉತ್ಸಾಹ ಹಾಗೇ ಇರಲಿ. ನಿಮ್ಮ ಸುತ್ತ ಸಿಗುವ ಹುಲ್ಲು, ಎಲೆ, ಕಟ್ಟಿಗೆಯ ಬೂದಿ ಎಷ್ಟು ಎಂದು ಅಳೆಯಿರಿ. ಒಣಗಿಸಿ, ತೂಗಿ, ಬಯಲಿನಲ್ಲಿ ಪೂರ್ತಿ ಸುಟ್ಟು, ಉಳಿದ ಬೂದಿ ತೂಗಿ. ಅದೇ ವಸ್ತುವನ್ನು ನೀರಿನಲ್ಲಿ ತೊಳೆದು ಇನ್ನೊಮ್ಮೆ ಮಾಡಿ. ಎರಡೂ ಅಂಕಿಗಳನ್ನು ನನಗೆ ಬರೆದು ಕಳಿಸಿ. ಯಾವುದನ್ನು ನನ್ನ ರಿಯಾಕ್ಟರಿಗೆ ಹಾಕಬಹುದು ಎಂದು ನಾನು ಹೇಳುತ್ತೇನೆ.